ಸೃಷ್ಟಿಯ ಕಥೆ, ಬದುಕಿನ ಉದ್ದೇಶ, ಭರವಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ಪ್ರತಿ ಬುಧವಾರ ಸಂಜೆ ನಾವು ಹತ್ತು ಹದಿನೈದು ಮಂದಿ ಯಾರಾದರೊಬ್ಬರ ಮನೆಯಲ್ಲಿ ಸತ್ಯವೇದ (ಬೈಬಲ್) ಅಧ್ಯಯನಕ್ಕೆ ಸೇರುತ್ತೇವೆ. ಅಧ್ಯಯನದ ನಡುವೆ ‘ಏನಾದರೂ ಪ್ರಶ್ನೆ?’ ಎಂದರೆ ಎಲ್ಲರ ಕಣ್ಣೂ ಪುಸ್ತಕಕ್ಕೆ ಇಳಿಯುತ್ತದೆ. ಚಹಾ, ಗೋಳಿಬಜೆ ಮುಗಿದು, ಜಗಲಿಯ ಮೂಲೆಯಲ್ಲಿ ತಮ್ಮ ತಮ್ಮ ಕೊಡೆ ಹುಡುಕುವಾಗ ನಿಜವಾದ ಪ್ರಶ್ನೆ ಹೊರಬರುತ್ತದೆ. ಕೆಳಗಿರುವ ಬಹುಪಾಲು ಪ್ರಶ್ನೆಗಳು ಹಾಗೆ ಕೊಡೆ ಹಿಡಿದುಕೊಂಡು ಕೇಳಿದವು. ನಾನು ದೇವಶಾಸ್ತ್ರ ಓದಿದವನಲ್ಲ, ನಿವೃತ್ತ ಹೈಸ್ಕೂಲು ಶಿಕ್ಷಕ. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡ ಹೇಳಿಕೊಡುತ್ತಾ ನಾನೇ ಹೆಚ್ಚು ಕಲಿತವನು. ಹಾಗೆಂದುಕೊಂಡೇ ಓದಿ.

ಸೃಷ್ಟಿಯ ಕಥೆ ಎಂದರೆ ಎಲ್ಲಿಂದ ಎಲ್ಲಿಯವರೆಗೆ?

ಆದಿಕಾಂಡದ ಮೊದಲ ಎರಡು ಅಧ್ಯಾಯಗಳು. ಅಲ್ಲಿರುವುದು ಒಂದಲ್ಲ, ಎರಡು ಕಥೆ. ಮೊದಲನೆಯದು ಏಳು ದಿನಗಳ ಲೆಕ್ಕದಲ್ಲಿ, ಪ್ರಾರ್ಥನೆಯ ಲಯದಲ್ಲಿ ಸಾಗುತ್ತದೆ. ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ ಶುರುವಾಗುವುದು ಏದೆನ್ ತೋಟದ ಕಥೆ. ಅದರಲ್ಲಿ ದೇವರು ಮಣ್ಣು ಮುಟ್ಟುತ್ತಾನೆ, ಗಿಡ ನೆಡುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಮನುಷ್ಯ ಮುಗ್ಗರಿಸುತ್ತಾನೆ. ಅದನ್ನು ಬಿಟ್ಟು ಮೊದಲೆರಡನ್ನು ಮಾತ್ರ ಓದಿದರೆ ಕಥೆ ಅರ್ಧವಾಗುತ್ತದೆ.

ಆರು ದಿನಗಳಲ್ಲಿ ಲೋಕ ಆಯಿತೆಂದು ನಂಬಲೇಬೇಕೇ? ನಮ್ಮ ಮಗ ವಿಜ್ಞಾನ ಓದುತ್ತಿದ್ದಾನೆ, ನಗುತ್ತಾನೆ.

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೆ ಅವನನ್ನು ಒಮ್ಮೆ ಕರೆದುಕೊಂಡು ಹೋಗಿ. ಅಲ್ಲಿನ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಲಾವಾ ಆರಿ ಗಟ್ಟಿಯಾದವು. ಅದನ್ನು ನೋಡಿದ ಮೇಲೆಯೂ ನಾನು ಸಂಜೆ ಮನೆಗೆ ಬಂದು ಆದಿಕಾಂಡ ಒಂದನ್ನು ಓದುತ್ತೇನೆ. ಎರಡರ ನಡುವೆ ಜಗಳ ನನಗೆ ಕಾಣಲಿಲ್ಲ. ಬಂಡೆ ಯಾವಾಗ, ಹೇಗೆ ಆಯಿತು ಎನ್ನುವುದು ಒಂದು ಪ್ರಶ್ನೆ. ಇದೆಲ್ಲ ಯಾರದು, ನಾನು ಇದರ ನಡುವೆ ಏನು ಎನ್ನುವುದು ಇನ್ನೊಂದು.

ಇದು ವಿಜ್ಞಾನಕ್ಕೆ ಹೆದರಿ ಈಗ ಹೊಸೆದ ವಾದವಲ್ಲ. ಸಾವಿರದ ಆರುನೂರು ವರ್ಷಗಳ ಹಿಂದೆಯೇ ಸಂತ ಅಗಸ್ಟೀನನು ಈ ದಿನಗಳನ್ನು ನಮ್ಮ ಇಪ್ಪತ್ತನಾಲ್ಕು ಗಂಟೆಯ ದಿನಗಳೆಂದು ತಿಳಿಯಬೇಕಿಲ್ಲ ಎಂದಿದ್ದ. ಸೂರ್ಯ ಉಂಟಾಗುವುದೇ ನಾಲ್ಕನೆಯ ದಿನ. ಮೊದಲ ಮೂರು ದಿನಗಳನ್ನು ಯಾವ ಗಡಿಯಾರದಲ್ಲಿ ಅಳೆಯುವುದು? ವಿಶ್ವವು ಒಂದು ಅತಿ ಸಣ್ಣ ಆರಂಭದಿಂದ ಹಿಗ್ಗುತ್ತಾ ಬಂದಿದೆ ಎಂಬ ವಿಚಾರವನ್ನು 1931ರಲ್ಲಿ ಮುಂದಿಟ್ಟ ಜಾರ್ಜ್ ಲಮೇತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ವಿಕಾಸವಾದವು ಬರೀ ಊಹೆಗಿಂತ ಹೆಚ್ಚಿನದು ಎಂದು ಪೋಪ್ ಎರಡನೆಯ ಜಾನ್ ಪೌಲ್ 1996ರಲ್ಲಿ ಒಪ್ಪಿಕೊಂಡರು. ಆರು ದಿನವನ್ನು ಅಕ್ಷರಶಃ ನಂಬುವವರೂ ನಮ್ಮ ಸಭೆಯಲ್ಲಿದ್ದಾರೆ. ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಹಾಡುತ್ತೇನೆ. ಅದಕ್ಕಾಗಿ ಯಾರೂ ಬೆಂಚು ಬದಲಾಯಿಸಿಲ್ಲ.

ಹಾಗಾದರೆ ಆ ಅಧ್ಯಾಯ ಏನು ಹೇಳಲು ಹೊರಟಿದೆ?

ಯಾರಿಗೆ ಹೇಳಿದ್ದು ಎಂದು ನೋಡಿದರೆ ಗೊತ್ತಾಗುತ್ತದೆ. ಕ್ರಿಸ್ತಪೂರ್ವ 586ರ ಸುಮಾರಿಗೆ ಯೆರೂಸಲೇಮ್ ಬಿತ್ತು, ದೇವಾಲಯ ಸುಟ್ಟುಹೋಯಿತು, ಜನರನ್ನು ಬಾಬಿಲೋನಿಗೆ ಸೆರೆಯಾಗಿ ಒಯ್ದರು. ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪಕ್ಕೆ ಬಂದದ್ದು ಆ ಕಾಲದ ಆಸುಪಾಸಿನಲ್ಲಿ ಎಂದು ಹಲವು ವಿದ್ವಾಂಸರು ಎಣಿಸುತ್ತಾರೆ. ಬಾಬಿಲೋನಿನವರಿಗೂ ಒಂದು ಸೃಷ್ಟಿಕಥೆ ಇತ್ತು. ಅದರಲ್ಲಿ ದೇವತೆಗಳು ಹೊಡೆದಾಡಿ, ಸೋತವಳ ದೇಹ ಸೀಳಿ ಆಕಾಶ ಭೂಮಿ ಮಾಡುತ್ತಾರೆ. ಕೊಂದ ಇನ್ನೊಬ್ಬ ದೇವತೆಯ ರಕ್ತದಿಂದ ಮನುಷ್ಯನನ್ನು ಮಾಡುತ್ತಾರೆ. ಯಾಕೆ? ದೇವತೆಗಳ ಚಾಕರಿಗೆ. ಗುಲಾಮನಾದವನಿಗೆ ಆ ಕಥೆ ತನ್ನ ದಿನಚರಿಯ ಹಾಗೆಯೇ ಕೇಳಿಸಿರಬೇಕು.

ಅದರ ಎದುರು ಈ ಕಥೆ ಇಟ್ಟು ನೋಡಿ. ಹೊಡೆದಾಟವಿಲ್ಲ, ಒಂದು ಮಾತು ಮಾತ್ರ. ಮೊದಲ ಮೂರು ದಿನ ಜಾಗ ಸಿದ್ಧವಾಗುತ್ತದೆ: ಬೆಳಕು ಕತ್ತಲೆ, ಆಕಾಶ ನೀರು, ನೆಲ. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಒಕ್ಕಲು ಬರುತ್ತದೆ: ಸೂರ್ಯ ಚಂದ್ರ, ಹಕ್ಕಿ ಮೀನು, ಪ್ರಾಣಿ ಮನುಷ್ಯ. ಮನೆ ಕಟ್ಟಿ ಒಕ್ಕಲು ಮಾಡಿದ ಹಾಗೆ. ಆಗ ಆ ದೇಶಗಳಲ್ಲಿ ದೇವರ ಪ್ರತಿರೂಪ ಎಂದರೆ ಅರಸ ಮಾತ್ರ. ಇಲ್ಲಿ ಆ ಬಿರುದು ಎಲ್ಲರಿಗೆ, ಗಂಡಿಗೂ ಹೆಣ್ಣಿಗೂ, ಹಂಚಿಹೋಗಿದೆ. ಸೆರೆಯಲ್ಲಿದ್ದವನಿಗೆ ‘ನೀನೂ ದೇವರ ಸ್ವರೂಪ’ ಎಂದರೆ ಅದು ಪಾಠವಲ್ಲ, ಬಂಡಾಯ.

ನನ್ನ ಬದುಕಿನ ಉದ್ದೇಶ ಏನೆಂದು ಹೇಗೆ ತಿಳಿಯುವುದು?

ಇದನ್ನು ಕೇಳುವವರಲ್ಲಿ ಹೆಚ್ಚಿನವರು ಇಪ್ಪತ್ತೈದರ ಒಳಗಿನವರು. ಇಲ್ಲವೇ ಅರವತ್ತು ದಾಟಿದವರು. ನಡುವಿನವರಿಗೆ ಪುರುಸೊತ್ತಿಲ್ಲ.

ನಮ್ಮ ಎರಡು ಜಿಲ್ಲೆಗಳು, ಉಡುಪಿ ಮತ್ತು ದಕ್ಷಿಣ ಕನ್ನಡ, ಪರೀಕ್ಷೆಯ ಫಲಿತಾಂಶದಲ್ಲಿ ಮೇಲಿನ ಸ್ಥಾನಕ್ಕೆ ಪೈಪೋಟಿ ನಡೆಸುವುದು ರೂಢಿ. ಶಿಕ್ಷಕನಾಗಿ ನಾನೂ ಅದರಲ್ಲಿ ಬೀಗಿದವನೇ. ಇಲ್ಲಿ ಮಗು ಎಂದರೆ ಅಂಕ, ಆಮೇಲೆ ಸೀಟು, ಆಮೇಲೆ ಕೊಲ್ಲಿ ದೇಶದ ಅಥವಾ ಬೆಂಗಳೂರಿನ ಕೆಲಸ, ಮದುವೆ ಮನೆಯಲ್ಲಿ ‘ಈಗ ಏನು ಮಾಡುತ್ತಿದ್ದೀಯ’ ಎಂಬ ಪ್ರಶ್ನೆಗೆ ಒಂದು ಉತ್ತರ. ಆ ಉತ್ತರ ಇಲ್ಲದ ವರ್ಷ ಮದುವೆಗೇ ಬಾರದ ಹುಡುಗರನ್ನು ನಾನು ಬಲ್ಲೆ.

ಈಗ ಕಥೆಯ ಲೆಕ್ಕ ನೋಡಿ. ಮನುಷ್ಯ ಉಂಟಾದದ್ದು ಆರನೆಯ ದಿನ, ಅದೂ ಕೊನೆಗೆ. ಮರುದಿನ ಏಳನೆಯದು, ವಿಶ್ರಾಂತಿಯ ದಿನ, ಅಂದರೆ ಸಬ್ಬತ್. ಎಂದರೆ ಮನುಷ್ಯನ ಬದುಕಿನ ಮೊದಲ ಪೂರ್ತಿ ದಿನವೇ ರಜೆ. ಏನನ್ನೂ ಮಾಡಿರಲಿಲ್ಲ. ಒಂದು ಬುಟ್ಟಿ ಮಣ್ಣು ಹೊತ್ತಿರಲಿಲ್ಲ. ದೇವರು ದುಡಿದು ದಣಿದ ಲೆಕ್ಕದಲ್ಲಿ ಅದು ಏಳನೆಯ ದಿನ, ಮನುಷ್ಯನ ಲೆಕ್ಕದಲ್ಲಿ ಒಂದನೆಯದು. ‘ಬಹು ಒಳ್ಳೆಯದು’ ಎಂಬ ಮಾತು ಬಂದದ್ದು ಅವನು ಕೆಲಸಕ್ಕೆ ಇಳಿಯುವ ಮುಂಚೆ. ನಾವು ವಾರವಿಡೀ ದುಡಿದು ಭಾನುವಾರವನ್ನು ಸಂಪಾದಿಸುತ್ತೇವೆ. ಆದಾಮನಿಗೆ ಅದು ಮುಂಗಡವಾಗಿ ಸಿಕ್ಕಿತು.

ಆದ್ದರಿಂದ ‘ಉದ್ದೇಶ’ವನ್ನು ಎಲ್ಲೋ ಬಚ್ಚಿಟ್ಟ ನಿಧಿ ಎಂದುಕೊಂಡು ಹುಡುಕುವವರಿಗೆ ನಾನು ಹೇಳುವುದು ಇಷ್ಟು: ಈ ಕಥೆಯಲ್ಲಿ ಮೊದಲು ಬರುವುದು ಬೆಲೆ, ಆಮೇಲೆ ಕೆಲಸ. ಬೆಲೆಗಾಗಿ ಕೆಲಸ ಮಾಡುವವನಿಗೆ ಎಷ್ಟು ಮಾಡಿದರೂ ಸಾಲದು. ಬೆಲೆ ಸಿಕ್ಕಾಗಿದೆ ಎಂದು ತಿಳಿದವನು ಕೈಗೆ ಬಂದ ಕೆಲಸವನ್ನು ಹಿಡಿಯುತ್ತಾನೆ, ಅದು ಸಣ್ಣದಿರಲಿ ದೊಡ್ಡದಿರಲಿ. ಇದು ನನಗೆ ತಿಳಿಯುವ ಹೊತ್ತಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

ಹಾಗಾದರೆ ಕೆಲಸ ಶಾಪವೇ?

ಅಲ್ಲ. ಶಾಪದ ಮಾತು ಬರುವುದು ಮೂರನೆಯ ಅಧ್ಯಾಯದಲ್ಲಿ. ಅಲ್ಲಿ ಕೆಲಸಕ್ಕೆ ಬೆವರು, ಮುಳ್ಳು ಸೇರುತ್ತವೆ. ಕೆಲಸ ಅದಕ್ಕಿಂತ ಹಿಂದಿನದು. ತೋಟವನ್ನು ವ್ಯವಸಾಯ ಮಾಡಲು, ಕಾಯಲು ಮನುಷ್ಯನನ್ನು ಅಲ್ಲಿಟ್ಟನೆಂದು ಎರಡನೆಯ ಅಧ್ಯಾಯ ಹೇಳುತ್ತದೆ. ಹೀಬ್ರೂವಿನಲ್ಲಿ ಆ ಮೊದಲ ಕ್ರಿಯಾಪದಕ್ಕೆ ‘ಸೇವೆ ಮಾಡು’ ಎಂಬ ಅರ್ಥವೂ ಇದೆ. ‘ಕಾಯು’ ಎಂಬುದು ಆರಾಧನೆಯ ಕೊನೆಗೆ ನಾವು ಕೇಳುವ ಆಶೀರ್ವಾದದಲ್ಲಿ ‘ಕಾಪಾಡಲಿ’ ಎಂದು ಬರುವ ಮಾತೇ. ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಹಬ್ಬದ (ಮಾತೆ ಮರಿಯಳ ಹುಟ್ಟುಹಬ್ಬದ) ದಿನ ನೆರೆಮನೆಯ ಕಥೋಲಿಕರು ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತರುತ್ತಾರೆ. ಅವರದು ನಾಲ್ಕನೆಯ ಮಹಡಿಯ ಮನೆ. ಗದ್ದೆ ಮಾರಿ ಎಷ್ಟೋ ಕಾಲವಾಯಿತು. ಆದರೂ ಅಜ್ಜಿ ಉಗುರಿನಿಂದ ಒಂದೊಂದೇ ಕಾಳು ಸುಲಿದು, ಅಷ್ಟು ಅಕ್ಕಿಯನ್ನು ಪುಡಿಮಾಡಿ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಾರೆ. ಕಳೆದ ವರ್ಷ ಒಂದು ಗುಟುಕು ನನಗೂ ಬಂತು. ಹಲ್ಲಿಗೆ ಒಂದು ಚೂರು ಹೊಟ್ಟು ಸಿಕ್ಕಿತು.

ಮನುಷ್ಯನನ್ನು ಮಣ್ಣಿನಿಂದ ಮಾಡಿದ ಎನ್ನುವುದು ಅವಮಾನವಲ್ಲವೇ?

ಮಂಗಳೂರಿನವರು ಮಣ್ಣನ್ನು ಹೀಗಳೆಯಬಾರದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಯುರೋಪಿನಿಂದ ಆ ಊರಿಗೆ ಬಂದದ್ದು 1834ರಲ್ಲಿ. 1865ರಲ್ಲಿ ಆ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ. ನದಿದಂಡೆಯ ಜೇಡಿಮಣ್ಣು ಹೆಂಚಾಗಿ ಹಡಗು ಹತ್ತಿತು, ಕಂಡು ಕೇಳದ ಊರುಗಳ ಮಾಡು ಏರಿತು.

ನಮ್ಮ ಹಳೆಯ ಮನೆಯ ಮಾಡು ಬಿಚ್ಚಿದಾಗ ಹೆಂಚುಗಳನ್ನು ಒಂದೊಂದಾಗಿ ತೆಂಗಿನ ಬುಡದಲ್ಲಿ ಒರಗಿಸಿಡುವ ಕೆಲಸ ನನ್ನದಾಗಿತ್ತು. ಒಂದು ಹೆಂಚಿನ ಅಡಿಭಾಗದಲ್ಲಿ ನಾಲ್ಕು ಬೆರಳುಗಳ ಗುರುತು. ಹಸಿ ಹೆಂಚನ್ನು ಅಚ್ಚಿನಿಂದ ಎತ್ತುವಾಗ ಯಾರದೋ ಕೈ ಸ್ವಲ್ಪ ಗಟ್ಟಿಯಾಗಿ ಒತ್ತಿರಬೇಕು. ಬೆರಳು ಸಣ್ಣವು, ಹೆಂಗಸಿನದೋ ಹುಡುಗನದೋ. ನನ್ನ ಬೆರಳು ಇಟ್ಟು ನೋಡಿದೆ, ಹಿಡಿಸಲಿಲ್ಲ. ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿದೆ. ಆ ಕೈಯ ಹೆಸರು ಎಲ್ಲೂ ಇಲ್ಲ. ಆದರೂ ಇಷ್ಟು ವರ್ಷ ನಮ್ಮ ತಲೆಯ ಮೇಲೆ ಆ ಕೈ ಇತ್ತು.

ಹೀಬ್ರೂವಿನಲ್ಲಿ ಮನುಷ್ಯ ‘ಆದಾಮ್’, ಮಣ್ಣು ‘ಅದಾಮಾ’. ದೇವರು ಅವನನ್ನು ‘ರೂಪಿಸಿದನು’ ಎನ್ನುವಲ್ಲಿ ಬರುವುದು ಕುಂಬಾರನ ಕೆಲಸಕ್ಕೆ ಬಳಸುವ ಕ್ರಿಯಾಪದ. ಆ ಹೆಂಚು ಕೈಯಲ್ಲಿ ಹಿಡಿದಂದಿನಿಂದ ಈ ವಚನ ನನಗೆ ಬೇರೆಯಾಗಿಯೇ ಕೇಳಿಸುತ್ತದೆ. ಒಂದು ವ್ಯತ್ಯಾಸವಿದೆ. ಸುಟ್ಟ ಹೆಂಚು ಒಡೆದರೆ ಮುಗಿಯಿತು. ಪ್ರವಾದಿ ಯೆರೆಮೀಯನು ಕುಂಬಾರನ ಮನೆಗೆ ಹೋದಾಗ ಕಂಡದ್ದು ತಿಗರಿಯ ಮೇಲೆ ಕೆಟ್ಟುಹೋದ ಹಸಿ ಮಡಕೆ. ಕುಂಬಾರ ಅದೇ ಮಣ್ಣನ್ನು ಮುದ್ದೆ ಮಾಡಿ ಇನ್ನೊಂದು ತಿರುಗಿಸಿದ. ‘ನನ್ನ ಕಾಲ ಮುಗಿಯಿತು ಮಾಷ್ಟ್ರೇ’ ಎನ್ನುವವರಿಗೆ ನಾನು ಕೇಳುವುದು ಅದನ್ನೇ: ಆವಿಗೆಗೆ ಹೋಗಿ ಬಂದಿದ್ದೀರೋ, ಇನ್ನೂ ತಿಗರಿಯ ಮೇಲಿದ್ದೀರೋ?

ಏದೆನ್ ತೋಟದಲ್ಲಿ ಮೀನು ಸಾರು ಇರಲಿಲ್ಲವೇ?

ಇರಲಿಲ್ಲ. ಮೊದಲ ಅಧ್ಯಾಯದಲ್ಲಿ ಮನುಷ್ಯನಿಗೂ ಪ್ರಾಣಿಗಳಿಗೂ ಕೊಟ್ಟ ಆಹಾರ ಕಾಳು, ಹಣ್ಣು, ಸೊಪ್ಪು ಮಾತ್ರ. ಮಾಂಸಕ್ಕೆ ಅಪ್ಪಣೆ ಸಿಗುವುದು ಜಲಪ್ರಳಯದ ನಂತರ, ಒಂಬತ್ತನೆಯ ಅಧ್ಯಾಯದಲ್ಲಿ. ಬಂಗುಡೆ ಇಲ್ಲದ ಸ್ವರ್ಗ ಯಾಕೆ ಬೇಕು ಎಂದವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

‘ದೊರೆತನ ಮಾಡಿರಿ’ ಎಂದು ಮೊದಲ ಅಧ್ಯಾಯದಲ್ಲಿ ದೇವರು ಮನುಷ್ಯರಿಗೆ ಹೇಳಿದ ಮೇಲೆ ಕಾಡು ಕಡಿಯಲು, ಹೊಳೆ ಬಗೆಯಲು ಅಪ್ಪಣೆ ಸಿಕ್ಕಂತಲ್ಲವೇ?

ಹಾಗೆ ಓದಿದವರು ಇದ್ದಾರೆ. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ಪರಿಸರದ ಬಿಕ್ಕಟ್ಟಿನ ಬೇರು ಇಂಥ ಓದಿನಲ್ಲಿದೆ ಎಂದು ಬರೆದಾಗ ಕ್ರೈಸ್ತರಿಗೆ ಸಿಟ್ಟು ಬಂತು. ಸಿಟ್ಟು ಬರಬೇಕಾದದ್ದು ನಮ್ಮ ಮೇಲೆಯೇ. ಅದೇ ದೊರೆತನದ ಪದವನ್ನು ಯೆಹೆಜ್ಕೇಲನ ಗ್ರಂಥದ 34ನೆಯ ಅಧ್ಯಾಯದಲ್ಲಿ ನೋಡಿ: ಕುರಿಗಳನ್ನು ಕ್ರೂರವಾಗಿ ಆಳಿದ ಕುರುಬರಿಗೆ ಅಲ್ಲಿ ಛೀಮಾರಿ. ಆಳುವುದೆಂದರೆ ತಿಂದು ತೇಗುವುದಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯನ್ನು ‘ನಮ್ಮೆಲ್ಲರ ಮನೆ’ ಎಂದು ಕರೆದು ವಿಶ್ವಪತ್ರ ಬರೆದದ್ದೂ ಇದೇ ತಿದ್ದುಪಡಿ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತಾಗಿ ನಿಂತಿರುವುದನ್ನು ಕಂಡಾಗೆಲ್ಲ ಐದನೆಯ ದಿನದ ಆಶೀರ್ವಾದ ನೆನಪಾಗುತ್ತದೆ. ‘ಹೆಚ್ಚಿರಿ, ತುಂಬಿಕೊಳ್ಳಿರಿ’ ಎಂದು ದೇವರು ಹರಸಿದ್ದು ಮೊದಲು ಮೀನು ಹಕ್ಕಿಗಳನ್ನು, ನಮ್ಮನ್ನು ಆಮೇಲೆ.

ಕೆಡ್ಡಸದಲ್ಲಿ ಭೂಮಿಗೆ ವಿಶ್ರಾಂತಿ ಕೊಡುತ್ತಾರಲ್ಲ, ಸಬ್ಬತ್ ಅಂಥದೇ?

ಒಂದೇ ಅಲ್ಲ, ಆದರೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಫೆಬ್ರವರಿಯ ಆ ಮೂರು ದಿನ ತುಳುವರು ನೆಲ ಅಗೆಯುವುದಿಲ್ಲ, ನೇಗಿಲು ಕಟ್ಟುವುದಿಲ್ಲ. ಅವರಿಗೆ ಭೂಮಿ ತಾಯಿ, ಋತುಮತಿಯಾದವಳು. ಆದಿಕಾಂಡದಲ್ಲಿ ಭೂಮಿ ದೇವಿಯಲ್ಲ, ನಮ್ಮ ಹಾಗೆ ಉಂಟಾದದ್ದು. ಆ ವ್ಯತ್ಯಾಸವನ್ನು ಮರೆಮಾಚಿದರೆ ಇಬ್ಬರಿಗೂ ಅನ್ಯಾಯ. ಆದರೆ ಯಾಜಕಕಾಂಡದ 25ನೆಯ ಅಧ್ಯಾಯ ಏಳನೆಯ ವರ್ಷ ಹೊಲವನ್ನು ಬೀಳು ಬಿಡಿ, ಭೂಮಿಗೂ ಸಬ್ಬತ್ ಇದೆ ಎನ್ನುತ್ತದೆ. ನಮ್ಮಲ್ಲಿ ಅದನ್ನು ಪಾಲಿಸುವವರನ್ನು ನಾನು ಕಂಡಿಲ್ಲ. ಕೆಡ್ಡಸ ಪಾಲಿಸುವವರು ನಮ್ಮ ಬೇಲಿಯಾಚೆಯೇ ಇದ್ದಾರೆ.

ಹೆಣ್ಣು ಗಂಡಿನ ಪಕ್ಕೆಲುಬಿನಿಂದ ಬಂದವಳು, ‘ಸಹಕಾರಿ’. ಅಂದರೆ ಕೆಳಗಿನವಳೇ?

ಪಕ್ಕೆಲುಬು ಎಂದು ಅನುವಾದವಾದ ಪದ ಸತ್ಯವೇದದ ಬೇರೆ ಕಡೆಗಳಲ್ಲಿ ‘ಪಾರ್ಶ್ವ’ ಎಂಬ ಅರ್ಥದಲ್ಲಿ ಬರುತ್ತದೆ. ‘ಸಹಕಾರಿ’ ಎಂಬುದರ ಮೂಲಪದವನ್ನು ಕೀರ್ತನೆಗಳು ದೇವರಿಗೇ ಹೇಳುತ್ತವೆ; ಸಹಾಯಕ ಎಂದಮಾತ್ರಕ್ಕೆ ಕೆಳಗಿನವ ಎನ್ನುವುದಾದರೆ ದೇವರೂ ಕೆಳಗಿಳಿಯಬೇಕಾಗುತ್ತದೆ. ಇದನ್ನು ಹೇಳಿದ ಬುಧವಾರ ಚಹಾ ಲೋಟ ತೊಳೆಯಲು ಗಂಡಸರು ಎದ್ದರು. ಮುಂದಿನ ಬುಧವಾರ ಎದ್ದವರು ಇಬ್ಬರೇ.

ಎಲ್ಲವೂ ಒಳ್ಳೆಯದೇ ಆಗಿದ್ದರೆ ಕಷ್ಟ ಎಲ್ಲಿಂದ ಬಂತು?

ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಇದನ್ನು ಕೇಳಿದಾಗ ನಾನು ಉತ್ತರ ಕೊಟ್ಟೆ. ಕೊಡಬಾರದಿತ್ತು. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಮೊದಲ ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ತೋಟದೊಳಗೆ ಸರ್ಪ ಯಾಕಿತ್ತು ಎಂದು ಆದಿಕಾಂಡ ವಿವರಿಸುವುದಿಲ್ಲ. ಮನುಷ್ಯ ಬೇಡವೆಂದ ಹಣ್ಣಿಗೆ ಕೈ ಚಾಚಿದ, ಹೆದರಿ ಅಡಗಿದ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು ಎನ್ನುತ್ತದೆ. ನಾನು ನಿಲ್ಲುವುದು ಎರಡು ಕಡೆ. ದೇವರ ಮೊದಲ ಮಾತು ಬೈಗುಳವಲ್ಲ, ‘ಎಲ್ಲಿದ್ದೀ?’ ಎಂಬ ಹುಡುಕಾಟ. ಇನ್ನೊಂದು, ಅವರನ್ನು ತೋಟದಿಂದ ಹೊರಗೆ ಕಳಿಸುವ ಮುಂಚೆ ದೇವರೇ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ (3:21). ಶಿಕ್ಷೆ ಹೇಳಿದ ಮೇಲೆ ಕೂತು ಬಟ್ಟೆ ಹೊಲಿದವನು ಅವನು. ಹೊರಗೆ ಚಳಿ ಇರುತ್ತದೆಂದು ತಿಳಿದ ತಾಯಿ ಮಾಡುವ ಕೆಲಸ ಅದು.

ಬದುಕೇ ಬೇಡ ಎನ್ನಿಸುತ್ತದೆ. ಪ್ರಾರ್ಥನೆಯೂ ಆಗುತ್ತಿಲ್ಲ. ನನ್ನ ನಂಬಿಕೆ ಕಡಿಮೆಯೇ?

ಇಲ್ಲ. ಪ್ರವಾದಿ ಎಲೀಯನೂ ಒಂದು ಗಿಡದ ಕೆಳಗೆ ಮಲಗಿ ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಎಂದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಇಟ್ಟು ಎಬ್ಬಿಸಿದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ತಿನ್ನಿಸಿದ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಮದ್ದಿದೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಂದೇ ಮಾಡಿ. ಮನೆಯ ಒಬ್ಬರಿಗಾದರೂ ಹೇಳಿ. ‘ಪ್ರಾರ್ಥನೆ ಸಾಕು, ಡಾಕ್ಟರು ಬೇಡ’ ಎನ್ನುವವರ ಮಾತು ಕೇಳಬೇಡಿ, ಅವರು ಎಷ್ಟೇ ಭಕ್ತರಿರಲಿ.

ಎಂದೋ ನಡೆದ ಸೃಷ್ಟಿಯಲ್ಲಿ ನಾಳೆಗೆ ಭರವಸೆ ಹೇಗೆ ಸಿಗುತ್ತದೆ?

ದಿನಗಳನ್ನು ಎಣಿಸುವ ರೀತಿಯನ್ನು ಗಮನಿಸಿ: ‘ಸಾಯಂಕಾಲವಾಯಿತು, ಪ್ರಾತಃಕಾಲವಾಯಿತು, ಮೊದಲನೆಯ ದಿನವಾಯಿತು.’ ಸಂಜೆ ಮೊದಲು. ಯೆಹೂದ್ಯರಿಗೆ ಇಂದಿಗೂ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಎಂದರೆ ಕತ್ತಲೆ ದಿನದ ಕೊನೆಯಲ್ಲ, ಅದರ ಮೊದಲ ಅರ್ಧ. ಆಷಾಢದಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕುವ ನಮ್ಮ ಊರಿನಲ್ಲಿ ಇದು ಬೇಗ ಅರ್ಥವಾಗುತ್ತದೆ.

ಈಸ್ಟರಿನ ಹಿಂದಿನ ರಾತ್ರಿ ಕಥೋಲಿಕ ಇಗರ್ಜಿಗಳಲ್ಲಿ ಪಾಸ್ಖ ಜಾಗರಣೆ ನಡೆಯುತ್ತದೆ. ಗೆಳೆಯರ ಜೊತೆ ಒಮ್ಮೆ ಹೋಗಿದ್ದೆ. ದೀಪ ಆರಿಸಿರುತ್ತಾರೆ. ಹೊರಗೆ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಹಚ್ಚಿ, ಅದರಿಂದ ಜನರ ಕೈಯ ಸಣ್ಣ ಬತ್ತಿಗಳಿಗೆ. ನನ್ನ ಬತ್ತಿಗೆ ಬೆಂಕಿ ಕೊಟ್ಟದ್ದು ಎಂಟು ವರ್ಷದ ಹುಡುಗಿ. ಮೇಣ ನನ್ನ ಬೆರಳಿಗೆ ಬಿತ್ತು. ಆ ರಾತ್ರಿಯ ವಾಚನಗಳಲ್ಲಿ ಮೊದಲನೆಯದು ಆದಿಕಾಂಡ ಒಂದು. ಪುನರುತ್ಥಾನದ ಸುದ್ದಿ ಹೇಳುವ ಮೊದಲು ಸೃಷ್ಟಿಯ ಕಥೆ ಯಾಕೆ ಎಂದು ಆಗಲೇ ನನಗೆ ಹೊಳೆದದ್ದು. ಯೋಹಾನನ ಸುವಾರ್ತೆಯಲ್ಲಿ ಸಮಾಧಿ ಇರುವುದು ಒಂದು ತೋಟದಲ್ಲಿ. ವಾರದ ಮೊದಲನೆಯ ದಿನ, ಇನ್ನೂ ಕತ್ತಲೆ. ಎದ್ದು ಬಂದ ಯೇಸುವನ್ನು ಮಗ್ದಲದ ಮರಿಯಳು ತೋಟಗಾರನೆಂದು ಭಾವಿಸುತ್ತಾಳೆ. ಅವಳು ಭಾವಿಸಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯಲ್ಲಿ ‘ಸಮುದ್ರವೂ ಇಲ್ಲ’ ಎಂದಿದೆ. ಹಾಗಾದರೆ ಮಲ್ಪೆಯವರು ಎಲ್ಲಿಗೆ ಹೋಗಬೇಕು?

ಆ ಗ್ರಂಥದಲ್ಲಿ ಸಮುದ್ರ ಎಂದರೆ ಮೃಗ ಎದ್ದು ಬರುವ ಜಾಗ, ಗೊಂದಲದ ಹೆಸರು. ಇಲ್ಲದಾಗುವುದು ಆ ಗೊಂದಲ. ಮಳೆಗಾಲದಲ್ಲಿ ಉಳ್ಳಾಲದ ದಂಡೆಯ ಮನೆಯೊಳಗೆ ಮಲಗಿ ಅಲೆಯ ಸದ್ದು ಎಣಿಸಿದವರಿಗೆ ಈ ಸಾಲಿನ ಸಮಾಧಾನ ಗೊತ್ತು. ಮಲ್ಪೆಯವರಿಗೆ ಒಂದು ನದಿಯಂತೂ ಇದೆ, ಮುಂದಿನ ಅಧ್ಯಾಯದಲ್ಲಿ.

ಮಕ್ಕಳಿಗೆ ಇದನ್ನು ಹೇಗೆ ಹೇಳುವುದು?

ವಿವರಿಸಬೇಡಿ, ಓದಿ ಹೇಳಿ, ಏಳು ಹಾಳೆ ಕೊಟ್ಟು ಚಿತ್ರ ಬರೆಯಲು ಬಿಡಿ. ಆರು ದಿನಗಳಲ್ಲಿ ಎರಡನೆಯ ದಿನ ಮಾತ್ರ ದೇವರು ‘ಒಳ್ಳೆಯದು’ ಎನ್ನುವುದಿಲ್ಲ. ಅದನ್ನು ಕಂಡುಹಿಡಿದವರಿಗೆ ಒಂದು ಪೆಪ್ಪರ್‌ಮಿಂಟ್ ಎಂದು ನಾನು ಆಸೆ ತೋರಿಸುತ್ತೇನೆ. ಹಿಂದಿನ ಬೇಸಿಗೆಯಲ್ಲಿ ಒಬ್ಬಳು ಆರು ಹಾಳೆಗಳಲ್ಲಿ ಮೀನು, ನಕ್ಷತ್ರ, ಆನೆ ಎಲ್ಲ ತುಂಬಿಸಿ, ಏಳನೆಯದರಲ್ಲಿ ಜಗಲಿಯ ಮೇಲೊಂದು ಈಸಿಚೇರು ಬರೆದಿದ್ದಳು, ಖಾಲಿ. ದೇವರು ಎಲ್ಲಿ ಎಂದು ಕೇಳಿದೆ. ‘ಒಳಗೆ ಚಹಾ ತರಲು ಹೋಗಿದ್ದಾರೆ, ಕುರ್ಚಿ ನಮಗೆ’ ಎಂದಳು.